ನಾಲ್ಕು ತಿಂಗಳ ಕೆಲಸಕ್ಕೆ ನೂರು ವರ್ಷದ ಮಾತು

ಸುಳ್ಳು ಹೇಳುವುದು ಅಂಥ ಕಷ್ಟದ ಕೆಲಸವೇನಲ್ಲ, ಹೇಳಿದ ಮೇಲೆ ಅದಕ್ಕೆ ತಕ್ಕ ಹಾಗೆ ಬದುಕುವುದು ಕಷ್ಟ. ಹಿರಿಯರು ಸತ್ಯವನ್ನೇ ನುಡಿ ಎಂದದ್ದು ಪುಣ್ಯ ಬರಲೆಂದಲ್ಲ, ಯಾರಿಗೆ ಏನು ಹೇಳಿದ್ದೆವು ಎಂದು ನೆನಪಿಟ್ಟುಕೊಳ್ಳುವ ಕಾಟ ತಪ್ಪಲೆಂದು ಎಂಬುದು ನನ್ನ ಅಭಿಪ್ರಾಯ. ನನಗೋ ಮರೆವು ಜಾಸ್ತಿ. ಅಂಗಡಿಗೆ ಹೋದವನು ಏನು ತರಲು ಬಂದೆ ಎಂದು ಕೇಳಿಕೊಂಡು ಬರಲು ಮತ್ತೆ ಮನೆಗೆ ಹೋಗುವ ಜಾತಿ. ಅಂಥವನು ಸುಳ್ಳಿನ ತಂಟೆಗೆ ಹೋಗಲೇಬಾರದಿತ್ತು. ಆದರೆ ಸಂದರ್ಶನದಲ್ಲಿ ಒಂದು ಪ್ರಶ್ನೆ ಇರುತ್ತದೆ ನೋಡಿ, "ಮುಂದೆ ಏನು ಮಾಡಬೇಕು ಅಂತ ಇದ್ದೀರಿ?" ಎಂದು. ಮಧ್ಯಾಹ್ನ ಏನು ತಿನ್ನಬೇಕು ಎಂಬುದನ್ನೇ ಗೊತ್ತುಮಾಡಿಕೊಳ್ಳದೆ ಹೊರಟವನಿಗೆ ಈ ಪ್ರಶ್ನೆ ಹಾಕಿದರೆ ಅವನು ಸುಳ್ಳು ಹೇಳದೆ ಇನ್ನೇನು ಹೇಳಿಯಾನು?

ಇದು ತೊಂಬತ್ತರ ದಶಕದ ಕೊನೆಯ ಮಾತು. ಬಿ.ಎಸ್ಸಿ., ಬಿ.ಎಡ್. ಮುಗಿಸಿಕೊಂಡು ದಾವಣಗೆರೆಯ ಸರಸ್ವತಿ ನಗರದ ಮನೆಯಲ್ಲಿ ಕೂತಿದ್ದೆ. ಅಪ್ಪ ದುಡಿಯುತ್ತಿದ್ದ ಹತ್ತಿ ಗಿರಣಿ ಬಾಗಿಲು ಹಾಕಿ ವರ್ಷವಾಗಿತ್ತು. ಆದ್ದರಿಂದ ನನ್ನ ನೌಕರಿ ಮನೆಯವರಿಗೆ ತಮಾಷೆಯ ವಿಷಯವಾಗಿರಲಿಲ್ಲ. ಅಪ್ಪ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಬೆಳಿಗ್ಗೆ ಪೇಪರು ಬಂದ ಕೂಡಲೇ 'ಬೇಕಾಗಿದ್ದಾರೆ' ಪುಟವನ್ನು ಮೇಲೆ ಬರುವ ಹಾಗೆ ಮಡಿಸಿ ನನ್ನ ಚಹದ ಲೋಟದ ಪಕ್ಕ ಇಡುತ್ತಿದ್ದರು. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಮಡಿಸಿದ ಪೇಪರಿಗೆ ಏನೆಂದು ಉತ್ತರ ಕೊಡುವುದು?

ಹಾಗೆ ಮಡಿಸಿದ ಪುಟದಲ್ಲೇ ಹರಿಹರದ ಖಾಸಗಿ ಹೈಸ್ಕೂಲೊಂದರ ಜಾಹೀರಾತು ಕಂಡಿತು. ಗಣಿತದ ಟೀಚರು ಹೆರಿಗೆ ರಜೆಯ ಮೇಲೆ ಹೋಗುತ್ತಾರೆ, ಅವರ ಜಾಗಕ್ಕೆ ನಾಲ್ಕು ತಿಂಗಳ ಮಟ್ಟಿಗೆ ಒಬ್ಬರು ಬೇಕು. ಮಂಡಕ್ಕಿ ಭಟ್ಟಿ ನಡೆಸುವ ನನ್ನ ಸೋದರಮಾವ ಬಸವಣ್ಯಪ್ಪ, ಒಂದು ದಿನವೂ ಯಾರ ಕೈಕೆಳಗೂ ನೌಕರಿ ಮಾಡದ ಮನುಷ್ಯ, ನೌಕರಿ ಹಿಡಿಯುವ ವಿದ್ಯೆಯನ್ನು ನನಗೆ ಕಲಿಸಿದ. "ನೋಡಪಾ, ಅವರು ಮುಂದೆ ಏನ್ಮಾಡ್ತಿ ಅಂತ ಕೇಳೇ ಕೇಳ್ತಾರೆ. ಸಾಯೋತನ್ಕ ಇಲ್ಲೇ ಇರ್ತೀನಿ ಅನ್ನು. ಬಿಟ್ಟು ಹೋಗೋನಿಗೆ ಯಾರು ಕೆಲಸ ಕೊಡ್ತಾರೆ? ಹೆಣ್ಣು ನೋಡಾಕೆ ಹೋಗಿ, ಸದ್ಯಕ್ಕೆ ಮದುವಿ ಆಗ್ತೀನಿ, ಮುಂದಿಂದು ಮುಂದೆ ನೋಡಾಣ ಅಂತಾರೇನು?" ಹೋಲಿಕೆ ನನಗೆ ಬಹಳ ಹಿಡಿಸಿತು. ಕೆಲಸ ಇರುವುದೇ ನಾಲ್ಕು ತಿಂಗಳು, ಅದರಲ್ಲಿ ಸಾಯುವತನಕ ಇರುವುದು ಹೇಗೆ ಎಂದು ನಾನೂ ಕೇಳಲಿಲ್ಲ, ಮಾವನೂ ಹೇಳಲಿಲ್ಲ.

ಹರಿಹರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿದೆ. ಸಂದರ್ಶನದ ಕೋಣೆಯಲ್ಲಿ ಇಬ್ಬರಿದ್ದರು. ಒಬ್ಬರು ಹೆಡ್‌ಮಾಸ್ಟರ್ ಹಾಲಸ್ವಾಮಿಗಳು. ಇನ್ನೊಬ್ಬರು ರಜೆಯ ಮೇಲೆ ಹೋಗಬೇಕಾಗಿದ್ದ ಸುಮಂಗಲಾ ಟೀಚರೇ! ಕುರ್ಚಿಯಲ್ಲಿ ಸರಿಯಾಗಿ ಕೂರಲಾರದೆ, ಒಮ್ಮೆ ಹಿಂದಕ್ಕೊರಗಿ ಒಮ್ಮೆ ಮುಂದಕ್ಕೆ ಬಾಗಿ, ಆ ಸ್ಥಿತಿಯಲ್ಲೂ ತಮ್ಮ ಜಾಗಕ್ಕೆ ಯಾರು ಬರುತ್ತಾರೆಂದು ಕಣ್ಣಾರೆ ನೋಡಲು ಬಂದಿದ್ದರು. ಎರಡು ಲೆಕ್ಕ ಬಿಡಿಸಲು ಹೇಳಿದರು, ಬಿಡಿಸಿದೆ. ಆಮೇಲೆ ಆ ಪ್ರಶ್ನೆ ಬಂತು. ನಾನು ಎದೆಯುಬ್ಬಿಸಿ, "ಸರ್, ಒಮ್ಮೆ ಈ ಶಾಲೆಗೆ ಕಾಲಿಟ್ಟರೆ ಜೀವಮಾನವಿಡೀ..." ಎಂದು ಶುರುಮಾಡಿದೆ. ಸುಮಂಗಲಾ ಟೀಚರ ಮುಖ ಕಪ್ಪಿಟ್ಟಿತು. ಹಾಲಸ್ವಾಮಿಗಳು ಪೆನ್ನು ಕೆಳಗಿಟ್ಟು, "ನೋಡ್ರಿ ಟೀಚರ್ರೇ, ಇವರೂ ಹಂಗೇ ಅಂತಾರೆ. ಐದು ಮಂದಿ ಬಂದ್ರು, ಐದೂ ಮಂದಿ ಸಾಯೋತನ್ಕ ಇರ್ತೀವಿ ಅಂದ್ರು" ಎಂದು ನಿಟ್ಟುಸಿರು ಬಿಟ್ಟರು.

ಸಂಗತಿ ಏನೆಂದು ಅವರೇ ಹೇಳಿದರು. ಹಿಂದೆ ಅಲ್ಲಿಯ ಡ್ರಾಯಿಂಗ್ ಮೇಷ್ಟ್ರು ಹರ್ನಿಯಾ ಆಪರೇಷನ್ನಿಗೆಂದು ಎರಡು ತಿಂಗಳು ರಜೆ ಹಾಕಿದ್ದರಂತೆ. ಅವರ ಜಾಗಕ್ಕೆ ಬಂದವನು ಕಮಿಟಿಯವರಿಗೆ ದೂರದ ಸಂಬಂಧ. ಮೇಷ್ಟ್ರು ಹೊಟ್ಟೆ ಹೊಲಿಸಿಕೊಂಡು ವಾಪಸು ಬಂದರೆ ಕುರ್ಚಿಯಲ್ಲಿ ಕೂತವನು ಏಳಲಿಲ್ಲ. "ಈಗ ಇಬ್ಬರು ಡ್ರಾಯಿಂಗ್ ಮೇಷ್ಟ್ರು ಅದಾರೆ. ಒಬ್ಬರು ಚಿತ್ರ ಬರೀತಾರೆ, ಹಳಬರು ಗಿಡಕ್ಕೆ ನೀರು ಹಾಕಸ್ತಾರೆ. ನಮಗೆ ಬೇಕಾಗಿರೋದು ಇರೋರಲ್ರೀ, ಹೋಗೋರು!" ಎಂದರು. ಸುಮಂಗಲಾ ಟೀಚರು ಕಿಟಕಿಯಿಂದಾಚೆ ನೋಡಿದರು. ಅಲ್ಲಿ ಬಿಳಿಗೂದಲ ಒಬ್ಬರು ನಿಜಕ್ಕೂ ದಾಸವಾಳದ ಗಿಡದ ಬುಡಕ್ಕೆ ನೀರು ಬಿಡಿಸುತ್ತಿದ್ದರು.

ಅರ್ಧ ಆಡಿದ ಮಾತನ್ನು ಮಧ್ಯದಲ್ಲೇ ತಿರುಗಿಸುವ ಕಲೆ ನನಗೆ ಎಲ್ಲಿಂದ ಬಂತೋ ಕಾಣೆ. "...ಜೀವಮಾನವಿಡೀ ಇರಬೇಕು ಅನ್ನಿಸುತ್ತೆ ಸರ್, ಆದರೆ ಬ್ಯಾಂಕಿನವರು ಬಿಡಬೇಕಲ್ಲ" ಎಂದೆ. ಯಾವ ಬ್ಯಾಂಕು ಎಂದರು. ಬ್ಯಾಂಕಿನ ಪರೀಕ್ಷೆ ಬರೆದಿದ್ದೇನೆ ಎಂದೆ. ಅದು ನಿಜ. ಫಲಿತಾಂಶವೂ ಬಂತು ಎಂದೆ. ಅದೂ ನಿಜ. ಅದರಲ್ಲಿ ನನ್ನ ನಂಬರು ಇರಲಿಲ್ಲ ಎಂಬ ಮೂರನೆಯ ನಿಜವನ್ನು ಮಾತ್ರ ನುಂಗಿ, ನವೆಂಬರಿಗೆ ಆರ್ಡರು, ಬೀದರಿನಲ್ಲಿ ಪೋಸ್ಟಿಂಗು ಎಂದು ಸೇರಿಸಿದೆ. ಬೀದರೇ ಯಾಕೆ ಎಂದರೆ, ಅದಕ್ಕಿಂತ ದೂರದ ಊರು ಆ ಕ್ಷಣಕ್ಕೆ ಹೊಳೆಯಲಿಲ್ಲ. ಸುಮಂಗಲಾ ಟೀಚರ ಮುಖ ಅರಳಿತು. "ಸರ್, ಇವರೇ ಇರ್ಲಿ" ಎಂದರು.

ಕೆಲಸ ಸಿಕ್ಕಿತು. ಪಾಠವನ್ನು ಚೆನ್ನಾಗಿಯೇ ಮಾಡಿದೆ, ಆ ವಿಷಯದಲ್ಲಿ ಸುಳ್ಳಿಲ್ಲ. ಅಪ್ಪ ಪೇಪರು ಮಡಿಸುವುದನ್ನು ನಿಲ್ಲಿಸಿ ತಾವೇ ಬಿಡಿಸಿ ಓದತೊಡಗಿದರು. ಶಾಲೆಯಲ್ಲಿ ಮಾತ್ರ ನಾನು ಗಣಿತದ ಮೇಷ್ಟ್ರಾಗದೆ ಬೀದರಿಗೆ ಹೋಗುವವನಾದೆ. ದಿನಕ್ಕೊಬ್ಬರು ಬಂದು ಅಲ್ಲಿಯ ಬಿಸಿಲು, ಅಲ್ಲಿಯ ನೀರು, ಅಲ್ಲಿಯ ಊಟದ ಬಗ್ಗೆ ಬುದ್ಧಿವಾದ ಹೇಳುವರು. ಹಿಂದಿ ಮೇಷ್ಟ್ರು ಇಮಾಮ್ ಸಾಹೇಬರಂತೂ ಒಂದು ಹೆಜ್ಜೆ ಮುಂದೆ. ಬೀದರಿನಲ್ಲಿದ್ದ ತಮ್ಮ ಭಾವಮೈದುನನಿಗೆ ಕಾಗದ ಬರೆದು, "ಫಿಕರ್ ಮಾಡಬ್ಯಾಡ್ರಿ, ಅವನ ಮನಿ ಮಾಳಿಗಿ ಮ್ಯಾಲಿನ ರೂಮು ನಿಮಗಂತನೇ ಇಡಸೀನಿ" ಎಂದರು. ಯಾವುದೋ ಊರಿನಲ್ಲಿ ಯಾರೋ ಪುಣ್ಯಾತ್ಮರು ನನಗಾಗಿ ಕೋಣೆ ಗುಡಿಸಿ ಕಾಯುತ್ತಿದ್ದಾರೆಂದು ನೆನೆದರೆ ನಾಚಿಕೆಯಾಗುತ್ತಿತ್ತು. ಕೊನೆಗೆ ಪೋಸ್ಟಿಂಗು ಬದಲಾಗಿದೆ, ಬ್ಯಾಂಕಿನವರೇ ಮನೆ ಕೊಡುತ್ತಾರೆ ಎಂದು ಇನ್ನೊಂದು ಸುಳ್ಳು ಹೇಳಿ ಆ ಕೋಣೆಯನ್ನು ಬಿಡಿಸಿಕೊಂಡೆ. ಯಾವ ಊರಿಗೆ ಬದಲಾಯಿತು ಎಂದು ಹೇಳಿದ್ದೆನೋ, ಈಗ ಮರೆತಿದೆ. ಆಗಲೂ ಸರಿಯಾಗಿ ನೆನಪಿರಲಿಲ್ಲ.

ನಾಲ್ಕು ತಿಂಗಳು ಮುಗಿದವು. ಶಾಲು ಹೊದಿಸಿ, ಹಾರ ಹಾಕಿ, ಭಾಷಣ ಮಾಡಿ ಕಳಿಸಿದರು. ಸುಮಂಗಲಾ ಟೀಚರು ಕೂಸನ್ನು ಎತ್ತಿಕೊಂಡು ಬಂದು, "ನಿಮ್ಮಿಂದ ನನ್ನ ಜಾಗ ಉಳೀತು ಸರ್" ಎಂದು ಕೈಮುಗಿದರು. ಆ ಹಾರ ಕೊರಳಲ್ಲಿದ್ದಾಗ ನಾನು ನಿಜವಾಗಿಯೂ ಎಲ್ಲಿಗೋ ಹೋಗುತ್ತಿದ್ದೇನೆ ಅನ್ನಿಸಿ ಕಣ್ಣು ತುಂಬಿತು. ಹೋದದ್ದು ದಾವಣಗೆರೆಗೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಅಜ್ಞಾತವಾಸ. ಹರಿಹರದವರು ಬಟ್ಟೆಗೆ, ಪಾತ್ರೆಗೆ, ಡಾಕ್ಟರಿಗೆ ಎಂದು ದಾವಣಗೆರೆಗೆ ಬರುತ್ತಲೇ ಇರುತ್ತಾರೆ. ಭಾನುವಾರವಂತೂ ನಾನು ಹೊಸಿಲು ದಾಟುತ್ತಿರಲಿಲ್ಲ.

ಮಂಗಳವಾರ ಯಾರು ಬರುತ್ತಾರೆ ಎಂಬ ಧೈರ್ಯದ ಮೇಲೆ ಒಂದು ಸಂಜೆ ಎಂ.ಸಿ.ಸಿ. ಬಡಾವಣೆಯಲ್ಲಿ ಮೆಣಸಿನಕಾಯಿ ಬಜ್ಜಿ ಕಚ್ಚುತ್ತಾ ನಿಂತಿದ್ದೆ. ಹೆಗಲ ಮೇಲೆ ಕೈ ಬಿತ್ತು. ತಿರುಗಿದರೆ ಹಾಲಸ್ವಾಮಿಗಳು. "ಅರೆ, ಯಾವಾಗ ಬಂದ್ರಿ? ರಜಾನೇನು?" ಬಾಯಿತುಂಬ ಬಜ್ಜಿ ಇದ್ದುದರಿಂದ ತಲೆಯಾಡಿಸಿದೆ. ಅವರು ತಮ್ಮ ಕಷ್ಟ ಹೇಳಿಕೊಂಡರು. ಸುಮಂಗಲಾ ಟೀಚರ ಗಂಡನಿಗೆ ಮಂಗಳೂರಿಗೆ ವರ್ಗವಾಗಿತ್ತು, ಟೀಚರು ರಾಜೀನಾಮೆ ಕೊಟ್ಟಿದ್ದರು. "ಈಗ ಕಾಯಂ ಪೋಸ್ಟು ಖಾಲಿ ಐತೆ. ನಿಮ್ಮಂಥೋರು ಸಿಗಬೇಕಿತ್ತು. ಏನ್ಮಾಡೋದು, ನೀವು ಬ್ಯಾಂಕಿನೋರಾದ್ರಿ" ಎಂದು ಮರುಗಿದರು.

ಬಜ್ಜಿಯ ಖಾರವೋ, ಆ ಮಾತಿನ ಖಾರವೋ, ಕಣ್ಣಲ್ಲಿ ನೀರು ಬಂತು. ಅಲ್ಲೇ ಎಲ್ಲ ಒಪ್ಪಿಕೊಂಡೆ. "ಸರ್, ಯಾವ ಬ್ಯಾಂಕೂ ಇಲ್ಲ. ನಾನು ಹೇಳಿದ್ದೆಲ್ಲ ಸುಳ್ಳು. ನಾನೇ ಬರ್ತೀನಿ, ಸಾಯೋತನಕ ಇರ್ತೀನಿ" ಎಂದೆ. ಹಾಲಸ್ವಾಮಿಗಳು ನನ್ನ ಬೆನ್ನು ಸವರಿ, "ಹೊಸದರಾಗ ಎಲ್ಲರಿಗೂ ಹಂಗೇ ಅನ್ನಸ್ತೈತಪ್ಪಾ. ಮನಿ ಬಿಟ್ಟು ಹೋಗಿರ್ತೀವಿ, ಅಳು ಬರ್ತೈತೆ. ಅದಕ್ಕಂತ ಬ್ಯಾಂಕ್ ಕೆಲಸ ಬಿಡ್ತಾರೇನು? ನಿಮ್ಮನ್ನ ಸೇರಿಸ್ಕೊಂಡ್ರೆ ನಿಮ್ಮ ತಂದಿ ನನ್ನ ಸುಮ್ನೆ ಬಿಡ್ತಾರ?" ಎಂದರು. ನಾನು ಎಷ್ಟು ಗೋಗರೆದರೆ ಅಷ್ಟು ಸಮಾಧಾನ ಹೇಳಿದರು. ಹೊರಡುವಾಗ, "ಹೆಂಗೂ ಊರಾಗದೀರಿ. ನಾಡಿದ್ದು ಅದೇ ಪೋಸ್ಟಿಗೆ ಇಂಟರ್‌ವ್ಯೂ ಐತೆ. ಗಣಿತ ತಿಳಿದೋರು ಒಬ್ಬರು ಬೇಕು, ಬಂದು ನಮ್ಮ ಸಂಗಡ ಕೂಡ್ರಿ" ಎಂದರು.

ನನಗೆ ಬೇಕಾದ ನೌಕರಿಗೆ ಇನ್ನೊಬ್ಬರನ್ನು ಆರಿಸಲು ನಾನೇ ಹೋಗಿ ಕೂತೆ. ಬಂದವರು ನಾಲ್ವರು. ಮೂವರು ಸಾಯುವತನಕ ಇರುತ್ತೇವೆ ಎಂದರು. ನಾಲ್ಕನೆಯವರು ಆನೆಕೊಂಡದ ಶಕುಂತಲಾ. ಮುಂದೇನು ಎಂದು ಕೇಳಿದ್ದಕ್ಕೆ, "ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕೀನ್ರಿ. ಆರ್ಡರು ಬಂದ ದಿನಾನೇ ಹೋಗ್ತೀನಿ. ಸುಳ್ಳು ಯಾಕ ಹೇಳ್ಲಿ?" ಎಂದರು. ಹಾಲಸ್ವಾಮಿಗಳು ಹಿಂಜರಿದರು, ಕಾಯಂ ಜಾಗಕ್ಕೆ ಅವರಿಗೆ ಬಿಟ್ಟುಹೋಗುವವರು ಬೇಡವಾಗಿತ್ತು. ನಾನು ಮೇಜು ಗುದ್ದಿ, ಪ್ರಾಮಾಣಿಕತೆಗೆ ಬೆಲೆ ಕೊಡಬೇಕು ಎಂದು ಹತ್ತು ನಿಮಿಷ ವಾದಿಸಿದೆ. ಈಕೆ ಹೋದರೆ ಜಾಗ ಮತ್ತೆ ಖಾಲಿಯಾಗುತ್ತದೆ ಎಂಬುದೇ ನನ್ನ ವಾದದ ಮೂಲ ಎಂದು ಅವರಿಗೇನು ಗೊತ್ತು! "ನಿಮ್ಮದು ದೊಡ್ಡ ಮನಸು" ಎಂದು ಒಪ್ಪಿದರು.

ಆ ಹುಡುಗಿಗೆ ಸರ್ಕಾರಿ ನೌಕರಿ ಸಿಗಲೆಂದು ಆಕೆಯ ಹೆತ್ತವರಿಗಿಂತ ಹೆಚ್ಚು ಹರಕೆ ಹೊತ್ತವನು ನಾನು. ಪೇಪರಿನಲ್ಲಿ ಜಾಹೀರಾತು ಕಂಡಾಗಲೆಲ್ಲ ಕತ್ತರಿಸಿ ಶಾಲೆಯ ವಿಳಾಸಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದೆ. ಒಂದು ವರ್ಷ ಹೀಗೆ ನಡೆದ ಮೇಲೆ, ಶಾಲೆಯ ದಾಖಲೆಯಲ್ಲಿದ್ದ ನಮ್ಮ ಮನೆಯ ವಿಳಾಸಕ್ಕೆ ಆಕೆಯ ಕಾಗದ ಬಂತು. "ಅಣ್ಣಾ, ನನ್ನ ಏಳಿಗೆಗಾಗಿ ನೀವು ಇಷ್ಟು ಮಾಡಿದಿರಿ. ಆದರೆ ಈ ಶಾಲೆ, ಈ ಮಕ್ಕಳು ನನಗೆ ಹಿಡಿಸಿಬಿಟ್ಟಿದ್ದಾರೆ. ಇನ್ನು ಎಲ್ಲಿಗೂ ಅರ್ಜಿ ಹಾಕುವುದಿಲ್ಲ, ಇಲ್ಲೇ ಇರುತ್ತೇನೆ. ನಿಮಗೆ ನಿಜ ಹೇಳುವವರು ಇಷ್ಟ ಎಂದು ಹೆಡ್‌ಮಾಸ್ಟರು ಹೇಳಿದ್ದಾರೆ, ಅದಕ್ಕೆ ಮೊದಲು ನಿಮಗೇ ತಿಳಿಸುತ್ತಿದ್ದೇನೆ."

ಕಾಗದವನ್ನು ಎರಡು ಸಲ ಓದಿದೆ. ಆಮೇಲೆ ಆಕೆಗೆಂದು ಆ ದಿನ ಕತ್ತರಿಸಿಟ್ಟಿದ್ದ ಜಾಹೀರಾತಿಗೆ ನಾನೇ ಅರ್ಜಿ ಬರೆಯಲು ಕೂತೆ. ಅದರಲ್ಲಿ ಮುಂದಿನ ಯೋಚನೆ ಏನು ಎಂಬ ಕಾಲಮ್ಮು ಇರಲಿಲ್ಲ, ಪುಣ್ಯಕ್ಕೆ.