ಹಮೀದಾಕನ ಕೋವಿಗೆ ನನ್ನ ಮೊಹರು

ಕಾಪು ಪೇಟೆಯಲ್ಲಿ, ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ ನನ್ನದೊಂದು ನೋಟರಿ ಆಫೀಸು ಇದೆ. ಹೆಸರು ತಿದ್ದುಪಡಿ, ಕಳೆದುಹೋದ ಮಾರ್ಕ್ಸ್ ಕಾರ್ಡು, ಗಂಡನ ಇನಿಶಿಯಲ್ಲು ಮುಂದೆಯೋ ಹಿಂದೆಯೋ ಎಂಬಂಥ ಗಹನವಾದ ವಿಷಯಗಳ ಅಫಿಡವಿಟ್‌ಗಳಿಗೆ ನಾನು ಸಹಿ ಹಾಕಿ ಮೊಹರು ಒತ್ತುತ್ತೇನೆ. ಜನ ನನ್ನನ್ನು "ವಕೀಲ್ರೇ" ಎಂದು ಕರೆದು ಕಾನೂನು ಕೇಳುತ್ತಾರೆ. ಅವರ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವುದು ನನ್ನ ವೈಶಿಷ್ಟ್ಯ. ಇದನ್ನು ನಾನು ಅನುಭವ ಎಂದುಕೊಂಡಿದ್ದೆ.

ಹೋದ ತಿಂಗಳು ಒಂದು ದಿನ ಕಾರ್ಕಳದ ಕೋರ್ಟಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಬೆಳ್ಮಣ್ ದಾಟುವಾಗ ಫೋನು ಬಂತು. ಹಮೀದಾಕ! ಇಪ್ಪತ್ತೈದು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದ, ಇರುವೆಯನ್ನೂ ದಾಟಿಕೊಂಡು ನಡೆಯುವ ಮನುಷ್ಯ. ನಮ್ಮ ಡ್ರೈವರನಿಗೆ ಹಾರ್ನ್ ಎಂದರೆ ಪ್ರಾಣ. ಆ ಗದ್ದಲದಲ್ಲಿ ನನಗೆ ಕೇಳಿಸಿದ್ದು ಇಷ್ಟು:

"ವಕೀಲ್ರೇ... ಪೋಂ... ಸೈಲೆನ್ಸರ್ ಹಾಕ್ಬಹುದಾ? ಕಾನೂನಲ್ಲಿ ತೊಂದರೆ ಉಂಟಾ?"

"ಹಾಕಬಹುದಾ ಅಂತ ಎಂತ ಕೇಳುದು ಹಮೀದಾಕ? ಹಾಕಲೇಬೇಕು! ಹಾಕದಿದ್ರೆ ದಂಡ!"

"ಹೌದಾ!" ಹಮೀದಾಕ ಬೆರಗಾದರು. "ಪೊಲೀಸರು ಕೇಳಿದ್ರೆ?"

"ನನ್ನ ಹೆಸರು ಹೇಳಿ!"

ಬಸ್ಸಿನಲ್ಲಿ ಪಕ್ಕದವರು ನನ್ನನ್ನು ಗೌರವದಿಂದ ನೋಡಿದರು. ನಾನೂ ಎದೆ ಸ್ವಲ್ಪ ಮುಂದೆ ಮಾಡಿ ಕುಳಿತೆ.

ಮಾತು ಬೈಕಿನದ್ದೆಂದೇ ನಾನು ತಿಳಿದಿದ್ದೆ. ಆಗ ನನಗೆ ಗೊತ್ತಿಲ್ಲದಿದ್ದ ಸಂಗತಿ ಹೀಗಿತ್ತು. ಸುಮ್ಮನೆ ಕೂರಲಾಗದ ಹಮೀದಾಕ ಒಂದು ಏರ್ ರೈಫಲ್ ಕೊಂಡಿದ್ದರು, ಲೈಸೆನ್ಸ್ ಬೇಡದಂಥ ಸಣ್ಣದು. ಹಿತ್ತಿಲ ಗೋಡೆಗೆ ಮರಳಿನ ಚೀಲ ಒರಗಿಸಿ, ಅದರ ಮುಂದೆ ಖಾಲಿ ಹಾಲುಪುಡಿ ಡಬ್ಬ ಇಟ್ಟು ಗುರಿ ಹಿಡಿಯುವುದು ಅವರ ದಿನಚರಿ. ಅಷ್ಟರಲ್ಲಿ ಪಕ್ಕದ ಮನೆಯ ವನಜಕ್ಕನ ಮಗಳು ಹೆರಿಗೆಗೆ ಬಂದಳು, ಮಗುವೂ ಆಯಿತು. ಹಮೀದಾಕ ಒಮ್ಮೆ "ಟಪ್" ಎನ್ನಿಸಿದರೆ ಸಾಕು, ಮಲಗಿದ್ದ ಮಗು ಬೆಚ್ಚಿಬಿದ್ದು ಅಳುತ್ತಿತ್ತು. ವನಜಕ್ಕ ಜಗಳಕ್ಕೆ ಹೋಗಲಿಲ್ಲ. "ಮಗು ಹೆದರ್ತದೆ ಹಮೀದಾಕ" ಎಂದರು ಅಷ್ಟೇ. ಹಮೀದಾಕ ಆ ಕ್ಷಣವೇ ರೈಫಲ್ ಒಳಗಿಟ್ಟು, ನಾಲ್ಕು ದಿನ ಜಗಲಿಯಲ್ಲಿ ಮುಖ ಸಣ್ಣದು ಮಾಡಿ ಕುಳಿತರು. ಅದನ್ನು ನೋಡಿ ವನಜಕ್ಕನಿಗೂ ಊಟ ಸೇರಲಿಲ್ಲ. ಆಗಲೇ ಹಮೀದಾಕನಿಗೆ ಮೊಬೈಲಿನಲ್ಲಿ ಏರ್ ರೈಫಲಿನ ಸೈಲೆನ್ಸರ್ ಕಂಡದ್ದು!

ಫೋನು ಮಾಡಿದ ಮರುದಿನ ಹಮೀದಾಕ ನನ್ನ ಆಫೀಸಿಗೆ ಬಂದು, ಪೊಲೀಸರಿಗೆ ತೋರಿಸಲೆಂದು ನನ್ನ ಟೈಪಿಸ್ಟ್ ಸುಮತಿಯ ಹತ್ತಿರ ಅಫಿಡವಿಟ್ ಮಾಡಿಸಿದರು. ಅವತ್ತು ಯಾವುದೋ ಅರ್ಜಿಯ ಕೊನೆಯ ದಿನ. ಮೆಟ್ಟಿಲಿನವರೆಗೆ ಜನ. ಸುಮತಿ ಕಾಗದ ನನ್ನ ಮುಂದಿಟ್ಟು ಹೇಳಿದಳು:

"ಸರ್, ಇದನ್ನು ಸ್ವಲ್ಪ ಓದಿ. ಏರ್ ರೈಫಲ್ ಅಂತ ಉಂಟು."

"ಬೈಕಿನ ಮಾಡೆಲ್ ಇರ್ಬೇಕು ಮಾರಾಯ್ತಿ! ಬೈಕಿಗೆ ಬುಲೆಟ್ ಅಂತ ಹೆಸರಿಡ್ತಾರೆ, ರೈಫಲ್ ಅಂತ ಇಡಬಾರದಾ?"

"ಹಾಗಲ್ಲ ಸರ್..."

ಧಡ್! ಮೊಹರು ಬಿತ್ತು. ಹಮೀದಾಕ ನನ್ನ ಎರಡೂ ಕೈ ಹಿಡಿದು "ಒಂದು ಮಗುವಿನ ನಿದ್ರೆ ಉಳಿಸಿದ್ರಿ ವಕೀಲ್ರೇ" ಎಂದರು. ಬೈಕಿನ ಶಬ್ದಕ್ಕೆ ಏಳುವ ಮಗು ಇರಬೇಕು ಎಂದುಕೊಂಡೆ. ಎಲ್ಲವೂ ಎಷ್ಟು ಚೆನ್ನಾಗಿ ಹೊಂದಿಕೊಂಡಿತ್ತು ಎಂದರೆ, ಸತ್ಯಕ್ಕೆ ನುಸುಳಲು ಎಡೆಯೇ ಇರಲಿಲ್ಲ!

ಎರಡು ದಿನ ಬಿಟ್ಟು ಒಂದು ಬೆಳಿಗ್ಗೆ, ಮೀನು ತರಲು ಹೋಗಿದ್ದ ನನ್ನ ಹೆಂಡತಿ ಸುಗುಣ ಮೀನಿಲ್ಲದೆ ಬಂದಳು. ಇದು ಸಾಮಾನ್ಯ ಸಂಗತಿಯಲ್ಲ.

"ನೀವು ಹಮೀದಾಕನ ಕೋವಿಗೆ ಸೈಲೆನ್ಸರ್ ಹಾಕ್ಲಿಕ್ಕೆ ಪರ್ಮಿಶನ್ ಕೊಟ್ಟಿದ್ದೀರಂತೆ?"

"ಕೋವಿಗಾ? ಬೈಕಿಗೆ!"

"ಹಮೀದಾಕನ ಹತ್ತಿರ ಬೈಕ್ ಎಲ್ಲುಂಟು? ಅವರಿಗೆ ಸೈಕಲ್ಲೇ ಬರುದಿಲ್ಲ! ವನಜಕ್ಕ ಈಗ ಸಿಕ್ಕಿ ಎಲ್ಲ ಹೇಳಿದ್ರು."

ನಾನು ಕುರ್ಚಿಯ ಮೇಲೆ ಕುಳಿತೆ. ಕುರ್ಚಿ ಅಲ್ಲಿರಲಿಲ್ಲ. ನೆಲದಿಂದ ಎದ್ದು, ಧೂಳು ಹೊಡೆದು ಕಾನೂನು ಪುಸ್ತಕ ತೆಗೆದೆ. ಬಂದೂಕಿನ ಶಬ್ದ ತಗ್ಗಿಸುವ ಸಾಧನವನ್ನು ನಮ್ಮಂಥವರು ಇಟ್ಟುಕೊಳ್ಳುವಂತಿಲ್ಲ. ಅಷ್ಟು ಸ್ಪಷ್ಟ. ಆದರೆ ಏರ್ ರೈಫಲ್ ಎಂಬುದು ಆ ಅರ್ಥದಲ್ಲಿ ಬಂದೂಕೋ ಅಲ್ಲವೋ? ಮೂರು ಸಲ ಓದಿದೆ. ಪ್ರತಿ ಸಲವೂ ಬೇರೆ ಬೇರೆ ಅರ್ಥ ಬಂತು! ಉಡುಪಿಯ ವಕೀಲ ಮಿತ್ರನಿಗೆ ಫೋನು ಮಾಡಿದೆ. "ಖಂಡಿತ ತಪ್ಪು" ಎಂದ. ಮಣಿಪಾಲದಲ್ಲಿರುವ ನನ್ನ ಹಿರಿಯ ವಕೀಲರಿಗೆ ಮಾಡಿದೆ. "ಖಂಡಿತ ತಪ್ಪಲ್ಲ" ಎಂದರು. ಇಬ್ಬರೂ ನನ್ನಷ್ಟೇ ಆತ್ಮವಿಶ್ವಾಸದಿಂದ ಹೇಳಿದರು. ನನ್ನ ಹೆದರಿಕೆ ಜಾಸ್ತಿಯಾದದ್ದೇ ಅದರಿಂದ.

ಕೂಡಲೇ ಹಮೀದಾಕನಿಗೆ ಫೋನಿಸಿದೆ.

"ಹಮೀದಾಕ, ಆ ಸೈಲೆನ್ಸರ್ ಬಂತಾ?"

"ಇಲ್ಲ ವಕೀಲ್ರೇ, ಪಾರ್ಸೆಲ್ ನಾಳೆ ಬರ್ತದಂತೆ. ಮೊದಲೇ ಹೇಳಿಬಿಡುವ ಅಂತ ಸ್ಟೇಷನ್ನಿಗೆ ಬಂದಿದ್ದೇನೆ."

"ಬಸ್ ಸ್ಟೇಷನ್ನಾ?"

"ಪೊಲೀಸ್ ಸ್ಟೇಷನ್! ರೈಫಲ್ ಕೂಡ ತಂದಿದ್ದೇನೆ. ನಿಮ್ಮ ಹೆಸರು ಹೇಳಿ ಆಯ್ತು!"

ಲುಂಗಿಯಲ್ಲಿದ್ದೆ. ಅದರ ಮೇಲೆಯೇ ಕರಿ ಕೋಟು ಹಾಕಿ ಸ್ಕೂಟರ್ ಹತ್ತಿದೆ. ಠಾಣೆಯ ಮೆಟ್ಟಿಲಲ್ಲಿ ಪೇದೆ ನನ್ನನ್ನು ತಡೆದು "ಎಂತ ಕಳುವಾಯ್ತು?" ಎಂದು ಕೇಳಿದ.

ಒಳಗೆ ಚಿಕ್ಕ ವಯಸ್ಸಿನ ಸಬ್ ಇನ್‌ಸ್ಪೆಕ್ಟರ್ ಮೇಡಂ ನನ್ನ ಮೊಹರಿನ ಅಫಿಡವಿಟ್ ಓದುತ್ತಿದ್ದರು. ಬೆಂಚಿನಲ್ಲಿ ಹಮೀದಾಕ, ಮಡಿಲಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ ರೈಫಲ್. ನನ್ನನ್ನು ಕಂಡು ಅವರ ಮುಖ ಅರಳಿತು. ನನಗೆ ಅಳು ಬಂತು.

"ನೋಟರಿ ಸಾಹೇಬರು ನೀವಾ?" ಮೇಡಂ ಕಾಗದ ಎತ್ತಿದರು. "'ಸೈಲೆನ್ಸರ್ ಅಳವಡಿಸುವುದು ಕಡ್ಡಾಯವೆಂದು ತಿಳಿದುಬಂದ ಮೇರೆಗೆ...' ಇದು ಯಾವ ಕಾಯ್ದೆ ಸರ್?"

"ಮೋಟಾರು ವಾಹನ ಕಾಯ್ದೆ" ಎಂದೆ.

ಪೇದೆಯೊಬ್ಬ ನಗು ತಡೆಯಲಾರದೆ ಕಡತದ ಹಿಂದೆ ಮುಖ ಮುಚ್ಚಿಕೊಂಡ. ನಾನು ಎಲ್ಲವನ್ನೂ ಒಪ್ಪಿಕೊಂಡೆ: ಬಸ್ಸು, ಹಾರ್ನು, ಬೈಕು, ಓದದೆ ಹಾಕಿದ ಸಹಿ. "ತಪ್ಪು ನನ್ನದು ಮೇಡಂ. ಇವರನ್ನು ಬಿಟ್ಟುಬಿಡಿ. ಪಾಪದ ಮನುಷ್ಯ."

ಅಷ್ಟರಲ್ಲಿ ಸುದ್ದಿ ತಿಳಿದ ವನಜಕ್ಕ ರಿಕ್ಷಾದಿಂದ ಇಳಿದು ಓಡಿ ಬಂದರು. "ನಾನು ಕಂಪ್ಲೇಂಟ್ ಕೊಟ್ಟದ್ದಲ್ಲ ಮೇಡಂ! ಹಮೀದಾಕ ನಮ್ಮ ಮನೆಯವರ ಹಾಗೆ. ಮಗು ಹುಟ್ಟಿದ ದಿನ ಆಸ್ಪತ್ರೆಗೆ ಕಾರು ತಂದದ್ದೇ ಅವರು!"

ಮೇಡಂ ಪೆನ್ನು ಕೆಳಗಿಟ್ಟರು. "ಯಾರೂ ಯಾರನ್ನೂ ಹಿಡಿಯಲಿಲ್ಲಮ್ಮ. ಅಜ್ಜ, ಏರ್ ರೈಫಲಿಗೆ ಸೈಲೆನ್ಸರ್ ಹಾಕಬಹುದಾ ಇಲ್ಲವಾ ಅಂತ ನನಗೂ ಖಚಿತ ಇಲ್ಲ. ಬೇಕಾದರೆ ಮೇಲಿನವರಿಗೆ ಬರೆದು ಕೇಳೋಣ. ಉತ್ತರ ಬರುವವರೆಗೆ ಬೇಡ. ಆ ಪಾರ್ಸೆಲನ್ನು ಇವತ್ತೇ ಕ್ಯಾನ್ಸಲ್ ಮಾಡಿ." ಆಮೇಲೆ ವನಜಕ್ಕನ ಕಡೆ ತಿರುಗಿದರು. "ಮಗು ಎಚ್ಚರ ಇರುವ ಹೊತ್ತು ಯಾವುದು?"

"ಹತ್ತು ಗಂಟೆಗೆ ಮೀಯಿಸ್ತೇವೆ. ಆಗ ಅದು ಅಳುವ ಶಬ್ದಕ್ಕೆ ಸಿಡಿಲು ಬಡಿದ್ರೂ ಯಾರಿಗೂ ಕೇಳುದಿಲ್ಲ."

"ಹಾಗಾದ್ರೆ ಹತ್ತು ಗಂಟೆಗೇ ಹೊಡೀರಿ ಅಜ್ಜ!"

ಹಮೀದಾಕ ಕಣ್ಣೊರೆಸಿಕೊಂಡರು. ಅಷ್ಟು ದೊಡ್ಡ ಕಾನೂನಿನ ತೊಡಕು ಒಂದು ಹಂಡೆ ಬಿಸಿನೀರಿನಲ್ಲಿ ಬಗೆಹರಿಯಿತು! ಅಫಿಡವಿಟ್ಟನ್ನು ಮೇಡಂ ನನ್ನ ಕೈಗೇ ಕೊಟ್ಟು, "ಓದಿ ನೋಡಿ ಸರ್, ಚೆನ್ನಾಗಿದೆ" ಎಂದರು.

ಕಳೆದ ವಾರ ಆ ಮಗುವಿನ ನಾಮಕರಣ. ಊಟದ ಚಪ್ಪರದಲ್ಲಿ ಹಮೀದಾಕ ನನ್ನ ಹೆಗಲ ಮೇಲೆ ಕೈ ಹಾಕಿ, ವನಜಕ್ಕನ ನೆಂಟರಿಗೆಲ್ಲ ಪರಿಚಯಿಸಿದರು.

"ಇವರು ನಮ್ಮ ವಕೀಲ್ರು. ನನಗೋಸ್ಕರ ಲುಂಗಿಯಲ್ಲೇ ಸ್ಟೇಷನ್ನಿಗೆ ಓಡಿ ಬಂದವರು!"

"ಹೌದಾ? ಕೇಸ್ ಗೆದ್ದುಕೊಟ್ರಾ?" ಒಬ್ಬರು ಕೇಳಿದರು.

"ಕೇಸೇ ಆಗ್ಲಿಲ್ಲ ಮಾರಾಯ್ರೆ!" ಹಮೀದಾಕನ ಕಣ್ಣಿನಲ್ಲಿ ಅಪ್ಪಟ ಅಭಿಮಾನ. "ಇವರ ವಾದ ಕೇಳಿ ಪೊಲೀಸರಿಗೇ ಪಾಪ ಅನ್ನಿಸಿಬಿಟ್ಟಿತು!"

ನೆಂಟರು ತಲೆದೂಗಿದರು. ಇಬ್ಬರು ನನ್ನ ಫೋನ್ ನಂಬರ್ ಬರೆದುಕೊಂಡರು. ನಾನು ಪಾಯಸದ ಲೋಟದಿಂದ ಮುಖ ಎತ್ತಲಿಲ್ಲ.