ಸಂಗಣ್ಣನವರು ಸೋಮವಾರದ ರಜೆಯನ್ನು ಗೆದ್ದದ್ದು

ಕಲಿಯುಗದ ಪ್ರಥಮಪಾದದಲ್ಲಿ, ಅಂಗಡಿಗೆ ಫಲಕವೊಂದೇ ಸಾಲದು ವೆಬ್‌ಸೈಟೂ ಬೇಕೆಂದು ವರ್ತಕಲೋಕವೆಲ್ಲ ಪಣತೊಟ್ಟ ಕಾಲದಲ್ಲಿ, ಇಳಕಲ್ ಪೇಟೆಯ ಸೀರೆವರ್ತಕಕುಲತಿಲಕ, ಸೆರಗುಪರೀಕ್ಷಾಪ್ರವೀಣ, ಮಧ್ಯಾಹ್ನನಿದ್ರಾಪರಾಯಣ ಸಂಗಣ್ಣ ಕಂದಗಲ್ಲರು ಮೆರೆದ ಪರಾಕ್ರಮವನ್ನು ಸಾವಧಾನಚಿತ್ತರಾಗಿ ಆಲಿಸಿರಿ.

ಮೊದಲು ಅವರ ಅಂಗಡಿಯ ವೆಬ್‌ಸೈಟಿನಲ್ಲಿ ಒಂದಕ್ಷರ ಬದಲಿಸಬೇಕಾದರೂ ಹುಬ್ಬಳ್ಳಿಯ ವಿನಾಯಕನೆಂಬ ತಂತ್ರಜ್ಞನ ಕೃಪಾಕಟಾಕ್ಷಕ್ಕಾಗಿ ವಾರಗಟ್ಟಲೆ ಕಾಯಬೇಕಿತ್ತು. ಆ ದಾಸ್ಯವನ್ನು ಮುರಿಯಲೆಂದೇ ಸಂಗಣ್ಣನವರು, ಅಂಗಡಿಯವರೇ ಪುಟ ಬರೆದು ಪ್ರಕಟಿಸಬಲ್ಲ ಸಿಎಂಎಸ್ ಎಂಬ ದಿವ್ಯಾಸ್ತ್ರವನ್ನು ಸಂಪಾದಿಸಿ, ಎಲ್ಲ ಪುಟಗಳನ್ನೂ ಸ್ವಹಸ್ತದಿಂದ ತುಂಬಿ, ಪೇಟೆಯಲ್ಲಿ ಎದೆಯುಬ್ಬಿಸಿ ಓಡಾಡಿದ್ದರು.

ಅಷ್ಟರಲ್ಲಿ ಪರೀಕ್ಷೆ ಬಂದೊದಗಿತು. ಸೋಲಾಪುರದ ಬೀಗರ ದಂಡೊಂದು ಮದುವೆ ಜವಳಿಗೆಂದು ಸೋಮವಾರ ಇಳಕಲ್ಲಿಗೆ ಬರುವ ಸುದ್ದಿ. ವೆಬ್‌ಸೈಟಿನಲ್ಲೋ 'ಸೋಮವಾರ ರಜೆ' ಎಂದಿದೆ! ಅದನ್ನು ಕಂಡು ಅವರು ಎದುರಂಗಡಿಯನ್ನು ಹೊಕ್ಕರೆ ಪೇಟೆಯಲ್ಲಿ ಮುಖ ತೋರಿಸುವುದು ಹೇಗೆ? ಸಂಗಣ್ಣನವರಿಗೆ ನಿಜವಾಗಿಯೂ ಸಂಕಟವಾಯಿತು.

ವಿನಾಯಕನಿಗೇ ಹೇಳಿಬಿಡಿ ಎಂದು ಮಡದಿ ನೀಲಮ್ಮನವರು ಸಲಹೆಯಿತ್ತದ್ದೇ ತಡ, ಪತಿಯ ಮೀಸೆ ಕುಣಿಯಿತು.

"ನನ್ನ ಅಂಗಡಿ ಬಾಗ್ಲಾ ತೆಗ್ಯಾಕ ಹುಬ್ಬಳ್ಳ್ಯಾವನ ಅಪ್ಪಣಿ ಬೇಕೇನು? ಈ ಕೈ ಎಷ್ಟ್ ರೇಷ್ಮಿ ಮಡಚೇತಿ. ಒಂದ್ ಸೋಮವಾರ ಅಳಸೂದು ಯಾವ ಲೆಕ್ಕ?"

ಹೀಗೆ ನುಡಿದು ಕಂಪ್ಯೂಟರಿನ ಮುಂದೆ ವೀರಾಸನ ಹಾಕಿ ನೋಡಿದರೆ, ಪುಟಗಳ ಪಟ್ಟಿಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಹೆಸರು: ಶ್ರೀ. ಅದರಡಿ ಶ್ರೀ. ಮತ್ತೆ ಶ್ರೀ. ಏನೇ ಬರೆಯಲಿ, ನೆತ್ತಿಯ ಮೇಲೆ ಮೊದಲು ಶ್ರೀಕಾರ ಹಾಕುವುದು ಕಂದಗಲ್ಲರ ವಂಶದ ರೂಢಿ. ಸಿಎಂಎಸ್ಸಿನಲ್ಲಿ ನೆತ್ತಿಯ ಜಾಗ ಪುಟದ ಹೆಸರಿಗೆ ಮೀಸಲೆಂದು ಪಾಪ ಅವರಿಗೆ ಹೊಳೆದಿರಲಿಲ್ಲ.

ಘೋರ ಸಮರ ಮೊದಲಾಯಿತು. ಒಂದು ಶ್ರೀಯನ್ನು ಭೇದಿಸಿದರೆ ಒಳಗೆ ಧೋತರ, ಇನ್ನೊಂದನ್ನು ಭೇದಿಸಿದರೆ ಕುಪ್ಪಸದ ಖಣ. ಚಹಾ ಆರಿತು, ಕನ್ನಡಕ ಬೆವರಿತು. ಹೊತ್ತು ಇಳಿಯುವಾಗ ಕಟ್ಟಕಡೆಯ ಶ್ರೀಯೊಳಗೆ ಅಡಗಿದ್ದ ಸೋಮವಾರ ಸೆರೆಸಿಕ್ಕಿತು. ಅದನ್ನು ಅಳಿಸಿ, ಮನೆದೇವರನ್ನು ನೆನೆದು, ಮಹಾವೀರರು 'ಪ್ರಕಟಿಸು' ಗುಂಡಿಯನ್ನು ಒತ್ತಿದರು.

ಒತ್ತಿದ ಬೆರಳು ಮೇಲೇಳುವ ಮೊದಲೇ ಸೋಲಾಪುರದಿಂದ ಫೋನು. ಸೋಮವಾರ ಅಂಗಡಿ ತೆರೆದಿರುವುದೋ ಇಲ್ಲವೋ ಎಂದು ಮದುವಣಗಿತ್ತಿಯ ಸೋದರಮಾವ ಕೇಳಿದರು.

"ವೆಬ್‌ಸೈಟ್ನ್ಯಾಗ ಹಾಕೀವ್ರೀ, ನೋಡ್ರಿ," ಎಂದರು ವಿಜಯಿ ಸಂಗಣ್ಣನವರು.

"ನೋಡಿದ್ವಿರೀ. ಎಲ್ಲಾ ಕಡೆ ಬರೇ ಶ್ರೀ ಅಂತೈತಿ, ಎಲ್ಲಿ ಒತ್ತಬೇಕೋ ತಿಳೀಲಿಲ್ಲ. ಅದಕ್ಕ ಫೋನ್ ಹಚ್ಚಿದ್ವಿ."

ಸಂಗಣ್ಣನವರು ಪರದೆಯ ಮೇಲಿನ ಶ್ರೀಗಳ ಸಾಲನ್ನು ಮೇಲಿಂದ ಕೆಳಗಿನವರೆಗೆ ಮತ್ತೊಮ್ಮೆ ನೋಡಿದರು.

"ತಗದಿರ್ತೇತ್ರಿ. ಬರ್ರಿ," ಎಂದರು.

ನೀಲಮ್ಮನವರು ಆರಿದ ಚಹಾವನ್ನು ಬಿಸಿಮಾಡಲು ಒಳಗೆ ಒಯ್ದರು.