ಕಪ್ಪು ವೈರನ್ನು ಬಾಡಿಗೆ ಕೊಡಿ

ಈ ಕತೆ ಹೇಳಲು ನನಗೆ ಯೋಗ್ಯತೆ ಇಲ್ಲ, ಮೊದಲೇ ಕ್ಷಮಿಸಿಬಿಡಿ. ನನಗೆ ಗಾಡಿ ಓಡಿಸಲು ಬಾರದು, ಸಂಗೀತ ತಿಳಿಯದು, ಗಂಡಹೆಂಡಿರ ನಡುವಿನ ಮಾತಂತೂ ಮೂರನೆಯವರಿಗೆ ತಿಳಿಯುವಂಥದ್ದೇ ಅಲ್ಲ. ಆದರೂ ಕೊಣನೂರಿನ ಕಾಂತರಾಜುವಿನ ಆ ಒಂದು ದಿನವನ್ನು ಬೇರೆ ಯಾರೂ ಬರೆಯಲಿಲ್ಲವಲ್ಲ ಎಂಬ ಕಸಿವಿಸಿಯಿಂದ ಬರೆಯುತ್ತಿದ್ದೇನೆ. ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ತಾಪತ್ರಯಕ್ಕೆಲ್ಲ ಮೂಲ ಕಾಂತರಾಜುವಿನ ಬಾಯಿ. ಅವನಿಗೊಂದು ಪಿಕಪ್ ಇತ್ತು. ರಾಗಿ, ತೆಂಗಿನಕಾಯಿ, ಆಲೂಗಡ್ಡೆ, ಯಾವ ಬಾಡಿಗೆ ಸಿಕ್ಕಿದರೂ ಹೊಡೆಯುತ್ತಿದ್ದ. ಮೂಟೆಗಳು ಮಾತಾಡುವುದಿಲ್ಲ. ಹಾಗಾಗಿ ಪಕ್ಕದ ಸೀಟಿನಲ್ಲಿ ಮನುಷ್ಯಜೀವಿ ಕೂತಿತೆಂದರೆ ಸಾಕು, ಅವನ ಬಾಯಿ ತೂಬು ಎತ್ತಿದ ಕಾಲುವೆಯಾಗುತ್ತಿತ್ತು. ಹಿಂದಿನ ಟೈರು ಯಾಕೆ ಬೇಗ ಸವೆಯುತ್ತದೆ, ದುದ್ದದ ದಾರಿಯಲ್ಲಿ ಕ್ಲಚ್ ವೈರು ಹೇಗೆ ತುಂಡಾಯಿತು, ತುಂಡಾದ ಮೇಲೆ ಅವನು ಏನು ಮಾಡಿದ, ಏನು ಮಾಡಬಹುದಾಗಿತ್ತು. ಅವನ ಹೆಂಡತಿ ಪ್ರೇಮಕುಮಾರಿ ಇದನ್ನೆಲ್ಲ ಕೇಳಿ ಕೇಳಿ, ಗೌರಿಹಬ್ಬಕ್ಕೆಂದು ಹೊಳೆನರಸೀಪುರದ ತವರಿಗೆ ಹೋದವಳು ಅಲ್ಲೇ ಉಳಿದುಬಿಟ್ಟಳು. ಕರೆಯಲು ಹೋದವನಿಗೆ ಬಾಗಿಲಲ್ಲೇ ನಿಂತು ಹೇಳಿದಳು:

"ಮನೇಲಿ ನೀವು ಮಾತಾಡುದ್ರೆ ಎದ್ದು ಇತ್ತಲಿಗೆ ಓಗ್ತೀನಿ. ಗಾಡೀಲಿ ಎಲ್ಲಿಗೆ ಓಗ್ಲಿ? ಅದ್ರಲ್ಲಿ ನಿಮ್ಮ ಮಾತು ಬುಟ್ಟು ಇನ್ನೇನಾದ್ರೂ ಕೇಳ್ಸಂಗೆ ಮಾಡ್ಕಂಡು ಬನ್ನಿ. ಅವತ್ತು ಬತ್ತೀನಿ."

ಕಾಂತರಾಜು ಸೀದಾ ಹಾಸನಕ್ಕೆ ಹೋಗಿ ಗಾಡಿಗೆ ಹಾಕುವ ಟೇಪ್ ರೆಕಾರ್ಡರ್ ತಂದ. ಎರಡು ಸ್ಪೀಕರು, ಹಾಡುವಾಗ ಉರಿಯುವ ನೀಲಿ ದೀಪ, ಒಳಗೊಂದು ಹಾಡಿನ ಕ್ಯಾಸೆಟ್ಟು. ರಾತ್ರಿ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ. ಕನಸಿನಲ್ಲಿ ಅರಕಲಗೂಡಿನ ರಸ್ತೆ ನೀರಿನ ಹಾಗೆ ಮೆತ್ತಗಿತ್ತು, ಗಾಡಿ ತೇಲುತ್ತಿತ್ತು, ನೀಲಿ ಬೆಳಕಿನಲ್ಲಿ ಪ್ರೇಮಕುಮಾರಿ ಅವನ ಹೆಗಲಿಗೆ ತಲೆ ಆನಿಸಿ ಯಾವುದೋ ಹಾಡು ಕೇಳುತ್ತಿದ್ದಳು.

ಬೆಳಿಗ್ಗೆ ನೋಡಿದರೆ ಫಿಟ್ ಮಾಡುವ ಮೆಕ್ಯಾನಿಕ್ ಚನ್ನರಾಯಪಟ್ಟಣಕ್ಕೆ ಮದುವೆಗೆ ಹೋಗಿದ್ದ. "ಶುಕ್ರವಾರ ಬತ್ತೀನಿ" ಎಂದು ಕಾಂತರಾಜು ಪ್ರೇಮಕುಮಾರಿಗೆ ಹೇಳಿಯಾಗಿತ್ತು, ಶುಕ್ರವಾರ ಬಂದೂ ಆಗಿತ್ತು.

"ನಾಕು ವೈರು ತಾನೆ? ನಾನೇ ಆಕ್ತೀನಿ," ಎಂದ ಕಾಂತರಾಜು.

ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಒಳಗೆ ನಾಲ್ಕಲ್ಲ, ಒಂದು ಪಾತ್ರೆ ಶಾವಿಗೆಯಷ್ಟು ವೈರುಗಳಿದ್ದವು. ಅಷ್ಟರಲ್ಲಿ ಎದುರುಮನೆಯ ಚನ್ನಪ್ಪ ಟವೆಲು ಹೆಗಲಿಗೇರಿಸಿ ಬಂದ. ಊರಿನ ಪಂಪ್‌ಸೆಟ್ಟುಗಳಿಗೆಲ್ಲ ಕೈ ಹಾಕಿದವನು. ಕೆಲವು ಈಗಲೂ ನೀರೆತ್ತುತ್ತವೆ.

"ಸರ್ಕಂಡ್ ಕೂತ್ಕಳ್ಲಾ. ಮೂರು ಪೇಸು ನೋಡ್ದೋನಿಗೆ ಇದ್ಯಾವ ಲೆಕ್ಕ?"

"ನೋಡ್ಕಂಡು ಚನ್ನಪ್ಪಣ್ಣ. ಇವತ್ತು ಪ್ರೇಮನ್ನ ಕರ್ಕಂಬರ್ಬೇಕು."

"ಅದ್ಕೇ ಕಣ್ಲಾ ನಾನು ಬಂದಿರೋದು. ಇದ್ಯಾವುದು, ಸುಮ್ನೆ ನಿಂತದಲ್ಲ ಈ ವೈರು?" ಎನ್ನುತ್ತಾ ಚನ್ನಪ್ಪ ಒಂದನ್ನು ಕತ್ತರಿಸಿ ಇನ್ನೊಂದಕ್ಕೆ ಸುತ್ತಿದ.

ಅದು ಹಾರ್ನಿನ ವೈರು. ಅಲ್ಲಿಂದ ಮುಂದೆ ಹಾರ್ನ್ ಒತ್ತಿದರೆ ವೈಪರ್ ಆಡತೊಡಗಿತು. ಎಡಕ್ಕೆ ತಿರುಗುವ ದೀಪ ಹಾಕಿದರೆ ಹೆಡ್‌ಲೈಟು ಕಣ್ಣು ಮಿಟುಕಿಸಿತು. ಅಂಗಳದಲ್ಲಿ ರಾಗಿ ಕೇರುತ್ತಿದ್ದ ಕಾಂತರಾಜುವಿನ ತಾಯಿ ಸುಬ್ಬಮ್ಮ ಮೊರ ಕೆಳಗಿಟ್ಟರು.

"ಏನ್ಲಾ ಅದು, ನನ್ ನೋಡಿ ಕಣ್ಣೊಡೀತದೆ? ಇಂಗೇ ಓದ್ರೆ ಬೀಗರು ಏನಂದ್ಕಂಡಾರು?"

ಕೊನೆಗೆ ಟೇಪಿಗೆ ಜೀವ ಬಂತು. ನೀಲಿ ದೀಪ ಹೊತ್ತಿತು. ಆದರೆ ಹಾಡಿಲ್ಲ. ಬರೀ ಗುಂಯ್ ಎಂಬ ಒಂದೇ ಸದ್ದು, ಕಿವಿಯಲ್ಲಿ ಜೇನುಗೂಡು ಕಟ್ಟಿದ ಹಾಗೆ. ಆಕ್ಸಿಲರೇಟರ್ ತುಳಿದರೆ ಸದ್ದು ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಕಾಂತರಾಜು ಓಡಿ, ಎಸ್‌ಟಿಡಿ ಬೂತಿನಿಂದ ಹಾಸನದ ಅಂಗಡಿಯ ಜಯಂತ್‌ಗೆ ಫೋನ್ ಮಾಡಿದ.

"ಸಾ, ಟೇಪು ಆಡ್ತಿಲ್ಲ. ಗುಂಯ್ ಅಂತದೆ."

"ಅರ್ತ್ ಆಗಿಲ್ಲ ಅದು," ಎಂದ ಜಯಂತ್.

"ಅರ್ತ ಆಗ್ನಿಲ್ವಾ? ಇನ್ನೊಂದ್ಸಲ ಏಳ್ತೀನಿ, ಕೇಳಿ ಸಾ. ಬೆಳಿಗ್ಗೆ ಎದ್ನಾ, ಡ್ಯಾಶ್‌ಬೋರ್ಡ್ ಬಿಚ್ಚುದ್ನಾ..."

"ನನಗಲ್ಲ ರೀ, ಟೇಪಿಗೆ! ಕಪ್ಪು ವೈರ್ ಎಲ್ಲಿಗೆ ಕೊಟ್ಟಿದ್ದೀರಿ?"

"ಎಲ್ಗೂ ಕೊಟ್ಟಿಲ್ಲ. ಕೆಳೀಕೆ ಜೋತಾಡ್ತಾ ಅದೆ."

"ಅದೇ ಮತ್ತೆ! ಬಾಡಿಗೆ ಕೊಡಿ. ಬಾಡಿಗೆ ಕೊಟ್ಟ ತಕ್ಷಣ ಗುಂಯ್ ಅನ್ನೋದು ನಿಂತುಹೋಗುತ್ತೆ." ಲೈನು ಕಟ್ಟಾಯಿತು.

ಗಾಡಿಯ ಬಾಡಿಗೆ, ಅಂದರೆ ಅದರ ತಗಡಿಗೆ, ಆ ವೈರನ್ನು ತಗುಲಿಸಿ ಅರ್ತಿಂಗ್ ಮಾಡಿ ಎಂದು ಜಯಂತ್ ಹೇಳಿದ್ದು. ಆದರೆ ಸ್ಟಿಯರಿಂಗ್ ಹಿಡಿದಂದಿನಿಂದ ಕಾಂತರಾಜುವಿನ ಬಾಳಿನಲ್ಲಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ.

"ಏನಂದ್ನಲಾ?" ಎಂದು ಕೇಳಿದ ಚನ್ನಪ್ಪ.

"ಬಾಡಿಗೆ ಕೊಡ್ಬೇಕಂತೆ. ಒಂದು ಬಾಡಿಗೆ ಓಡುದ್ರೆ ತಾನೇ ಸರಿಓಯ್ತದಂತೆ."

ಚನ್ನಪ್ಪ ಗಂಭೀರವಾಗಿ ತಲೆದೂಗಿದ. "ಇರ್ಬೌದು ಕಣ್ಲಾ. ಒಸಾ ಮೋಟ್ರೂ ಅಂಗೇಯ. ಕೆಲ್ಸ ಕೊಟ್ರೇನೇ ಸುಮ್ಕಾಗೋದು."

ಅಷ್ಟು ಹೊತ್ತಿನಲ್ಲಿ ಬಾಡಿಗೆ ಎಲ್ಲಿಂದ ತರುವುದು? ಆಗ ಹಿಂದಿನ ಬೀದಿಯ ವರದರಾಜ ಮೇಷ್ಟ್ರು ಛತ್ರಿ ಎತ್ತಿಕೊಂಡು ಬಂದರು. ರುದ್ರಪಟ್ಟಣದ ಕಡೆಯವರು, ರಿಟೈರಾದ ಮೇಲೆ ದಿನವೆಲ್ಲ ಹಾಡುವವರು.

"ಏನಯ್ಯಾ ಕಾಂತರಾಜು, ಬೆಳಿಗ್ಗೆಯಿಂದ ಏನದು ಕಿರಿಕಿರಿ? ನಾನು ಪೂಜೆಗೆ ಕೂತರೆ..." ಮೇಷ್ಟ್ರು ಅಲ್ಲಿಗೇ ನಿಂತರು. ಛತ್ರಿ ಇಳಿಯಿತು. ಕಣ್ಣು ಮುಚ್ಚಿತು. "ಅಯ್ಯಯ್ಯೋ, ಇದು ಷಡ್ಜ ಕಣಯ್ಯಾ! ನನ್ನ ಶ್ರುತಿ! ಮನೆಯ ತಂಬೂರಿ ಬಿರುಕುಬಿಟ್ಟ ಮೇಲೆ ಇಷ್ಟು ಚೊಕ್ಕ ಶ್ರುತಿ ಕೇಳೇ ಇರಲಿಲ್ಲ."

"ಸಾ, ಒಳೆನರಸೀಪುರಕ್ಕೆ ಬತ್ತೀರಾ? ಬಾಡಿಗೆಗೆ?"

"ನರಸಿಂಹಸ್ವಾಮಿ ದರ್ಶನ ಮಾಡಿ ಬಹಳ ದಿನವಾಯ್ತು. ಆದರೆ ಬಾಡಿಗೆ ಕೊಡೋಕೆ ನನ್ನ ಹತ್ತಿರ..."

"ಏನಾದ್ರೂ ಕೊಡಿ ಸಾ. ಕೊಟ್ರೇನೇ ರಿಪೇರಿ ಆಗೋದು."

ಮೇಷ್ಟ್ರು ಬೆರಗಾಗಿ, ಸೊಂಟದ ಪಂಚೆಯ ಮಡಿಕೆಯಿಂದ ಒಂದು ಅಡಿಕೆ ತೆಗೆದುಕೊಟ್ಟರು. ಕಾಂತರಾಜು ಅದನ್ನು ಕಣ್ಣಿಗೊತ್ತಿಕೊಂಡು ಗಾಡಿ ಬಿಟ್ಟ.

ಆ ಪಯಣ ಹೇಗಿತ್ತೆಂದು ನಾನು ಹೇಗೆ ಹೇಳಲಿ! ವೇಗ ನಲವತ್ತಕ್ಕೆ ಬಂದಾಗ ಮೇಷ್ಟ್ರು ಕೈಯೆತ್ತಿದರು. "ಸಾಕು, ಇಲ್ಲೇ ನಿಲ್ಲಿಸು. ಇದಕ್ಕಿಂತ ತುಳಿದರೆ ಶ್ರುತಿ ಏರುತ್ತೆ, ನನ್ನ ಗಂಟಲು ಅಲ್ಲಿಗೆ ಹೋಗಲ್ಲ." ನಲವತ್ತರಲ್ಲಿ ಗಾಡಿ, ನಲವತ್ತರಲ್ಲಿ ಆಲಾಪನೆ. ಎರಡೂ ಕಡೆ ರಾಗಿ ಹೊಲಗಳು ತೂಗಿದವು. ಹಿಂದೆ ಬಸ್ಸುಗಳು ಬೊಬ್ಬೆಯಿಟ್ಟವು. ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡೊಂದು ಅವರನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕಿತು. ದಾರಿಗೆ ಅಡ್ಡ ಬಂದ ಕುರಿಗಳಿಗೆ ಕಾಂತರಾಜು ಹಾರ್ನ್ ಒತ್ತಿದ. ವೈಪರು ಎರಡು ಕೈ ಬೀಸಿತು. ಕುರಿಗಳು ಹಾಡು ಕೇಳಿ ತಾವೇ ಸರಿದವು. ಬೇಲಿಯ ಪಕ್ಕದ ಮುದುಕಿಯೊಬ್ಬಳು ದೇವರ ಗಾಡಿಯೆಂದು ಕೈಮುಗಿದಳು. ಗುಂಯ್ ನಿಲ್ಲಲಿಲ್ಲ.

"ಸಾ, ಬಾಡಿಗೆ ಓಡ್ತಾ ಅದೆ, ಆದ್ರೂ..." ಎಂದು ಕಾಂತರಾಜು ಶುರುಮಾಡಿದ.

"ಏನು?" ಎಂದರು ಮೇಷ್ಟ್ರು ಕಿವಿಗೆ ಕೈಯಿಟ್ಟು.

ಆ ಸದ್ದಿನಲ್ಲಿ ಅವನ ಮಾತು ಅವನಿಗೇ ಕೇಳಿಸುತ್ತಿರಲಿಲ್ಲ.

ಹೊಳೆನರಸೀಪುರದಲ್ಲಿ ದೇವರ ದರ್ಶನ ಮುಗಿಸಿ ಅತ್ತೆಯ ಮನೆ ಮುಂದೆ ಬಂದಾಗ ಮೇಷ್ಟ್ರು ಇಳಿಯಲೇ ಇಲ್ಲ, ಹಾಡು ಮುಗಿದಿರಲಿಲ್ಲ. ಪ್ರೇಮಕುಮಾರಿ ಹೊಸ್ತಿಲಿಗೆ ಬಂದು ನಿಂತಳು. ಬಹಳ ಹೊತ್ತು ಕೇಳಿದಳು. ಕಾಂತರಾಜು ಕಿಟಕಿಯಿಂದ ತಲೆ ಹೊರಹಾಕಿದ.

"ಪ್ರೇಮಾ, ಟೇಪು ಇನ್ನೂ..."

"ನಂಗೇನೂ ಕೇಳುಸ್ತಿಲ್ಲ," ಎಂದು ಅವಳು ಕೈಯಾಡಿಸಿದಳು. ಮುಖದಲ್ಲಿ ಹಬ್ಬದ ಕಳೆಯಿತ್ತು. ಒಳಗೆ ಹೋಗಿ ಬ್ಯಾಗು ತಂದು ಗಾಡಿ ಹತ್ತಿದಳು.

ಅವನ ಪಕ್ಕ ಕೂರಲು ಜಾಗವಿರಲಿಲ್ಲ. ಮೇಷ್ಟ್ರು ನಡುವೆ, ಅವಳು ಕಿಟಕಿಯ ಬಳಿ. ಗೇರ್ ಬದಲಿಸಿದಾಗಲೆಲ್ಲ ಕಾಂತರಾಜುವಿನ ಕೈ ಮೇಷ್ಟ್ರ ಮಂಡಿಗೆ ಬಡಿಯುತ್ತಿತ್ತು. ಅವರು ಅದನ್ನೂ ತಾಳಕ್ಕೆ ಸೇರಿಸಿಕೊಂಡರು. ಹೊತ್ತು ಇಳಿಯುತ್ತಿತ್ತು. ಹೊಂಬಿಸಿಲು ಗಾಜಿನೊಳಗೆ ಹರಿದು ನೀಲಿ ದೀಪಕ್ಕೆ ಬೆರೆಯಿತು. ಪ್ರೇಮಕುಮಾರಿ ಕಿಟಕಿಗೆ ತಲೆ ಆನಿಸಿ ಕಣ್ಣು ಅರೆಮುಚ್ಚಿದ್ದಳು. ತುಟಿಯಲ್ಲಿ ನಗುವಿತ್ತು. ಕಾಂತರಾಜುವಿಗೆ ಚಕ್ರಗಳು ನೆಲ ಮುಟ್ಟುತ್ತಿವೆ ಎಂದೇ ಅನ್ನಿಸಲಿಲ್ಲ. ನಾಲ್ಕು ಸಲ ಮಾತಾಡಲು ಬಾಯಿ ತೆರೆದ, ನಾಲ್ಕು ಸಲವೂ ಗುಂಯ್ ಅದನ್ನು ನುಂಗಿತು, ಅವನು ಬಾಯಿ ಮುಚ್ಚಿದ. ಈ ಸದ್ದೊಂದು ತೊಲಗಿ ಹಾಡು ಬಂದುಬಿಟ್ಟರೆ ಇನ್ನೇನು ಬೇಕು ಬಾಳಿಗೆ, ಅಂದುಕೊಂಡ.

ಅರಕಲಗೂಡು ಊರೊಳಗೆ ಬರುವಾಗ ಒಂದು ಉಬ್ಬು. ಗಾಡಿ ಎಗರಿ ಬಿತ್ತು. ಕೆಳಗೆಲ್ಲೋ ಜೋತಾಡುತ್ತಿದ್ದ ಕಪ್ಪು ವೈರು ಹೋಗಿ ತಗಡಿನ ಸಂದಿಗೆ ಸಿಕ್ಕಿಕೊಂಡಿತು.

ಗುಂಯ್ ನಿಂತಿತು.

ಆಲಾಪನೆಯ ನಡುವೆ ಮೇಷ್ಟ್ರು, ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟವರಂತೆ ತಡವರಿಸಿ ಸುಮ್ಮನಾದರು. ಮರುಕ್ಷಣ ಸ್ಪೀಕರುಗಳಿಂದ ಹೆಣ್ಣುದನಿಯೊಂದು ತಿಳಿನೀರಿನಂತೆ ಹರಿದುಬಂತು. ಪ್ರೇಮಕುಮಾರಿ ಕಣ್ಣರಳಿಸಿ ನೆಟ್ಟಗೆ ಕೂತಳು. ಪಲ್ಲವಿ ಮುಗಿದು ಇನ್ನೇನು ಚರಣ ಹತ್ತಬೇಕು.

ಕಾಂತರಾಜುವಿಗೆ ಸಂತೋಷ ಹಿಡಿಸಲಾರದಾಯಿತು. ಕೈ ಚಾಚಿ ಟೇಪನ್ನು ಟಪ್ಪನೆ ಆರಿಸಿದ.

"ಪ್ರೇಮಾ, ಇದೆಂಗಾಯ್ತು ಗೊತ್ತಾ? ಏಳ್ತೀನಿ ಕೇಳು. ಬೆಳಿಗ್ಗೆ ಡ್ಯಾಶ್‌ಬೋರ್ಡ್ ಬಿಚ್ಚುದ್ನಾ, ಒಳ್ಗೆ ನೋಡುದ್ರೆ ಕೆಂಪು ವೈರು ಒಂದು ಕಡೆ, ಹಳದಿ ಒಂದು ಕಡೆ. ಚನ್ನಪ್ಪಣ್ಣ ಅಂದ, ಕೆಂಪೇ ಪೇಸು ಅಂತ. ನಾನಂದೆ, ಅಣ್ಣಾ, ಇದು ಪಂಪ್‌ಸೆಟ್ಟಲ್ಲ ಅಂತ. ಅದ್ಕೆ ಅವನೇನಂದ..."

"ಗಾಡಿ ನಿಲ್ಸಿ," ಎಂದಳು ಪ್ರೇಮಕುಮಾರಿ.

"ತಡಿ, ಬಾಡಿಗೆ ವಿಚಾರ ಇನ್ನೂ ಏಳೇ ಇಲ್ಲ..."

"ನಿಲ್ಸಿ ಅಂದೆ."

ಬಸ್ ಸ್ಟ್ಯಾಂಡಿನ ಮುಂದೆ ಗಾಡಿ ನಿಂತಿತು. ಅವಳು ಬ್ಯಾಗು ತೆಗೆದುಕೊಂಡು ಇಳಿದು, ಹೊರಡಲು ಸಿದ್ಧವಾಗಿದ್ದ ಹೊಳೆನರಸೀಪುರದ ಬಸ್ಸು ಹತ್ತಿದಳು. ಅವಳ ಹಿಂದೆ ಹೋಗಿದ್ದ ಕಾಂತರಾಜು ಗಾಡಿಗೆ ಓಡಿಬಂದು ಟೇಪು ಹಾಕಿದ, ದನಿ ಪೂರಾ ಏರಿಸಿದ. ಬಸ್ ಸ್ಟ್ಯಾಂಡಿನ ಜನರೆಲ್ಲ ಸುತ್ತ ನೆರೆದು ತಲೆದೂಗಿದರು. "ಏನ್ ಕ್ಲೀನಾಗಿ ಬತ್ತಾ ಅದೆ ಸೌಂಡು! ಯಾರಣ್ಣಾ ಫಿಟ್ ಮಾಡಿದ್ದು?" ಎಂದು ಒಬ್ಬ ಕೇಳಿದ. ಹುಟ್ಟಿದಾರಭ್ಯ ಅದೊಂದೇ ಸಲ ಕಾಂತರಾಜುವಿಗೆ ಉತ್ತರ ಹೊರಡಲಿಲ್ಲ.

ಬಸ್ಸು ತಿರುವಿನಲ್ಲಿ ಹೊರಳುವಾಗ ಪ್ರೇಮಕುಮಾರಿ ಕಿಟಕಿಯಿಂದ ಇತ್ತ ನೋಡಿದಳು. ಅವಳು ನಕ್ಕಳು ಎಂದು ಕಾಂತರಾಜು ಇಂದಿಗೂ ಹೇಳುತ್ತಾನೆ, ಬಹಳ ವಿವರವಾಗಿ. ನಗಲಿಲ್ಲ, ಆಕಳಿಸಿದಳು ಎನ್ನುತ್ತಾರೆ ಮೇಷ್ಟ್ರು. ನಾನು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ ನೋಡಿದೆ, ಪ್ರೇಮಕುಮಾರಿಯನ್ನು ಕೇಳಲು ಮಾತ್ರ ಧೈರ್ಯವಾಗಲಿಲ್ಲ. ಯಾವುದು ನಿಜವೋ ನನಗೆ ಗೊತ್ತಿಲ್ಲ.